ತೂಕವೂ ಸತ್ಯವೂ

ದೊರೆಯದುದನ್ನು ದೊರಕಿಸಿಕೊಳ್ಳುವದಕ್ಕೆ ಯೋಗವೆಂದೂ, ದೊರೆತುದನ್ನು ಕಾಪಾಡಿಕೊಳ್ಳುವದಕ್ಕೆ ಕ್ಷೇಮವೆಂದೂ ಪ್ರಾಚೀನರು ಹೆಸರಿಟ್ಟಿದ್ದಾರೆ. ಲೋಕವು ಇವೆರಡನ್ನೂ ಒಂದೇ ಶಬ್ದದಲ್ಲಿ ಕೂಡಿಸಿ ‘ಯೋಗಕ್ಷೇಮ’ವನ್ನು ವಿಚಾರಿಸುತ್ತದೆ; ಆದರೆ ಇವೆರಡಕ್ಕೂ ಲೋಕದಲ್ಲಿ ಸಲ್ಲುವ ಗೌರವವು ಸಮನಾದುದಲ್ಲ. ಹೊಲ ಕೊಂಡವನ ಮನೆಗೆ ನಾಲ್ಕು ಜನ ಬಂದು ಸಂತೋಷಪಡುತ್ತಾರೆ. ಕೊಂಡ ಹೊಲದ ಒಡ್ಡನ್ನು ಮಳೆಗಾಲಕ್ಕೆ ಮುಂಚೆ ವರ್ಷ ವರ್ಷವೂ ಕಟ್ಟುವವನನ್ನು ಯಾರೂ ಹೊಗಳುವದಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನಿಗೆ ಹಾರ ದೊರೆಯುತ್ತದೆ. ಕಲಿತುದನ್ನು ಮುಪ್ಪಿನವರೆಗೂ ಮರೆಯದೆ ಉಳಿಸಿಕೊಂಡವನಿಗೆ ಹಾರವಿಲ್ಲ. ಯೋಗಕ್ಕೆ ಮುಗಿಯುವ ದಿನವೊಂದಿದೆ. ಕ್ಷೇಮಕ್ಕೆ ಅಂಥ ದಿನವಿಲ್ಲ; ಅದು ದಿನದಿನದ ಕೆಲಸ. ಈ ಭೇದವು ಇಂದಿನ ಸಂಸಾರಗಳಲ್ಲಿ ನಿಚ್ಚಳವಾಗಿ ಕಾಣುವ ಸ್ಥಳಗಳಲ್ಲೊಂದು ಮೈಭಾರದ ವಿಷಯ. ಇಲ್ಲಿ ಕಳೆಯುವದೇ ಗಳಿಕೆ; ಕಳೆದುದು ಮರಳಿ ಬಾರದಂತೆ ಕಾಯುವದೇ ಕ್ಷೇಮ.

ವಿಷಯವು ಅಲ್ಪವೆಂದು ವಾಚಕರು ತಿಳಿಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಪ್ರಾಪ್ತವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ 24 ಜನರೂ ಪುರುಷರಲ್ಲಿ ನೂರಕ್ಕೆ 23 ಜನರೂ ಎತ್ತರಕ್ಕೆ ಮೀರಿದ ತೂಕವುಳ್ಳವರು. ಮಧುಮೇಹಿಗಳ ಸಂಖ್ಯೆಯು ಹತ್ತು ಕೋಟಿಯನ್ನು ದಾಟಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ಹೇಳುತ್ತದೆ. ಆದುದರಿಂದ ವೈದ್ಯರು ತೂಕವಿಳಿಸಿರೆಂದು ಹೇಳುವದು ಸೌಂದರ್ಯಕ್ಕಾಗಿಯಲ್ಲ, ಆಯುಷ್ಯಕ್ಕಾಗಿ. ಇದಕ್ಕೆ ನೆರವಾಗಲು ನೂತನ ಉಪಕರಣಗಳು ಬಂದಿವೆ. ಹೆಜ್ಜೆಗಳನ್ನು ಎಣಿಸುವ ಕೈಗಡಿಯಾರವುಂಟು. ತೂಕವನ್ನು ತಾನಾಗಿ ಮೊಬೈಲಿಗೆ ಕಳುಹಿಸುವ ಕಾಟಾ ಉಂಟು. ಉಂಡುದನ್ನು ಬರೆದಿಡುವ ಆ್ಯಪುಗಳಲ್ಲಿ ಒಂದಾದ ಹೆಲ್ತಿಫೈಮಿ 2012ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ಈ ದೇಶದ ಅಡುಗೆಗಳ ಲೆಕ್ಕವನ್ನು ತಿಳಿಸುವ ಆ್ಯಪೊಂದನ್ನು ಮಾಡಿದೆ. ರೊಟ್ಟಿ ಎಷ್ಟು, ಬೇಳೆ ಎಷ್ಟು ಎಂಬ ಲೆಕ್ಕವು ಈಗ ಅಂಗೈಯಲ್ಲಿದೆ.

ದೃಷ್ಟಾಂತಕ್ಕಾಗಿ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಹಾದಿಯಲ್ಲಿ ಕಪನೂರವಿದೆ. ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಬೇಳೆಯ ಗಿರಣಿಗಳಿವೆ. ಅಂಥದೊಂದು ಗಿರಣಿಯಲ್ಲಿ ಆತನು ಲೆಕ್ಕ ಬರೆಯುವವನು. ದಿನವಿಡೀ ಕುಳಿತ ಕೆಲಸ. ವೈದ್ಯರ ಎಚ್ಚರಿಕೆಯಿಂದ ಹೆದರಿ, ಮಗಳು ಹಾಕಿಕೊಟ್ಟ ಆ್ಯಪಿನ ನೆರವಿನಿಂದ ಹತ್ತು ತಿಂಗಳಲ್ಲಿ 94 ಕಿಲೋದಿಂದ 80ಕ್ಕೆ ಇಳಿದನು. ಅಂಗಿಗಳು ಸಡಿಲವಾದವು, ಬೀಗರು ಬೆರಗಾದರು, ಗಿರಣಿಯಲ್ಲಿ ಎಲ್ಲರೂ ಉಪಾಯ ಕೇಳಿದರು. ಅನಂತರ ಹೊಗಳಿಕೆಯು ನಿಂತಿತು. ಯಾಕಂದರೆ 80ರಲ್ಲಿಯೇ ಇರುವವನಲ್ಲಿ ಹೊಸದೇನು ಕಾಣಬೇಕು? ಅಷ್ಟರಲ್ಲಿ ಹೊಸ ತೊಗರಿ ಬಂದು ಗಿರಣಿಯ ಕೆಲಸವು ರಾತ್ರಿಗೂ ಹಬ್ಬಿತು. ಅದರ ಹಿಂದೆ ಮದುವೆಗಳು ಬಂದವು. ಅದರ ಹಿಂದೆ ನಾಲ್ವತ್ತು ಡಿಗ್ರಿಯನ್ನು ಮೀರುವ ಬಿಸಿಲು ಬಂದು ನಡಿಗೆಯನ್ನು ನಿಲ್ಲಿಸಿತು. ಒಂದು ಮುಂಜಾನೆ ಕಾಟಾ 82 ತೋರಿಸಿತು. ಮತ್ತೊಂದು ಮುಂಜಾನೆ 83. ಮೂರನೆಯ ಮುಂಜಾನೆ ಆತನು ಕಾಟಾದ ಮೇಲೆ ಏರಲಿಲ್ಲ. “ಅಪ್ಪಾ, ಇವತ್ತ ಯಾಕ ತೂಕ ನೋಡಿಲ್ಲ?” ಎಂದು ಮಗಳು ಕೇಳಿದರೆ, “ಹೊತ್ತಾಗ್ಯಾದ ಬಿಡವ್ವ” ಎಂದನು. ಹೊತ್ತು ಆಗಿರಲಿಲ್ಲ.

ಈ ಕಥೆಯಲ್ಲಿ ಆತನು ಎಲ್ಲಿ ತಪ್ಪಿದನು? ಈ ಪ್ರಶ್ನೆಗೆ ಲೋಕವು ಕೊಡುವ ಉತ್ತರಗಳು ಎರಡು, ಎರಡನ್ನೂ ಪರೀಕ್ಷಿಸತಕ್ಕದ್ದು.

ಮೊದಲನೆಯದು ಯಂತ್ರವನ್ನೇ ಅವಲಂಬಿಸಿದ್ದು ತಪ್ಪೆಂಬ ಪಕ್ಷ. ಸಂಯಮವೆಂಬದು ಅಂತಃಕರಣದ ಗುಣ. ಹೊರಗಿನ ವಸ್ತುವೊಂದು ಗಂಟೆ ಬಾರಿಸಿ ಎಚ್ಚರಿಸಿದಾಗ ಮಾತ್ರ ತೋರುವ ಸಂಯಮವು ಎರವಲಿನದು. ಎರವಲಿನ ಒಡವೆಯು ಎಂದಿದ್ದರೂ ಹಿಂದಿರುಗತಕ್ಕದ್ದೇ ಎಂದು ಈ ಪಕ್ಷದವರು ವಾದಿಸುತ್ತಾರೆ. ಮಾತು ಗಂಭೀರವಾಗಿದೆ, ಆದರೆ ಪೂರ್ಣವಾಗಿ ನಿಲ್ಲುವದಿಲ್ಲ. ಜಪ ಮಾಡುವವನು ಮಣಿಗಳನ್ನು ಹಿಡಿಯುತ್ತಾನೆ. ಮಣಿಯು ಜಪ ಮಾಡುವದಿಲ್ಲ, ಎಣಿಕೆಯ ಭಾರವನ್ನು ತಾನು ಹೊತ್ತು ಮನಸ್ಸನ್ನು ನಾಮಕ್ಕೆ ಬಿಡುತ್ತದೆ. ಹಿಂದೆ ಮುಹೂರ್ತಕ್ಕಾಗಿ ನೀರಿನಲ್ಲಿ ಘಟಿಕಾಪಾತ್ರೆಯನ್ನು ತೇಲಿಬಿಡುತ್ತಿದ್ದರು. ಅದರಿಂದ ಕರ್ಮವು ಪಾತ್ರೆಯದಾಗಲಿಲ್ಲ. ಗಿರಣಿಯ ಲೆಕ್ಕಿಗನೇ ಕಿರ್ದಿಯನ್ನು ಬರೆಯದೆ ನೆನಪಿನ ಮೇಲೆ ವ್ಯಾಪಾರ ನಡೆಯಿಸಿದರೆ ಅವನನ್ನು ಯಾರೂ ಸ್ವಾವಲಂಬಿಯೆನ್ನುವದಿಲ್ಲ, ಅವಿವೇಕಿಯೆನ್ನುತ್ತಾರೆ. ಕರ್ತೃವು ಬೇರೆ, ಸಾಕ್ಷಿಯು ಬೇರೆ. ಉಪಕರಣವು ಸಾಕ್ಷಿಯ ಸ್ಥಾನದಲ್ಲಿರುವವರೆಗೆ ಸಂಯಮವು ಮನುಷ್ಯನದೇ.

ಎರಡನೆಯದು ಮನೋದೌರ್ಬಲ್ಯವೇ ಕಾರಣವೆಂಬ ಪಕ್ಷ. ಇಳಿಸಬಲ್ಲವನಿಗೆ ಉಳಿಸುವದೇಕೆ ಆಗದು, ನಾಲಗೆಯನ್ನು ಗೆಲ್ಲಲಾರನು ಎಂದು ಆಡುವದು ಸುಲಭ. ಶರೀರವಿಜ್ಞಾನವು ಈ ತೀರ್ಪನ್ನು ಒಪ್ಪುವದಿಲ್ಲ. ತೂಕವಿಳಿದ ದೇಹವು ಅದನ್ನು ಆರೋಗ್ಯವೆಂದು ತಿಳಿಯದೆ ಬರಗಾಲವೆಂದು ತಿಳಿಯುತ್ತದೆ. ವಿಶ್ರಾಂತಿಯಲ್ಲಿಯೂ ಮೊದಲಿಗಿಂತ ಕಡಿಮೆ ಶಕ್ತಿಯನ್ನು ವೆಚ್ಚ ಮಾಡತೊಡಗುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನಿನ ವಿದ್ವಾಂಸರು ಹತ್ತು ವಾರಗಳ ಅಲ್ಪಾಹಾರದಿಂದ 50 ಜನರ ತೂಕವನ್ನಿಳಿಸಿ ವರ್ಷದ ಮೇಲೆ ಪುನಃ ಪರೀಕ್ಷಿಸಿದರು. ಹಸಿವನ್ನು ಹೆಚ್ಚಿಸುವ ಗ್ರೆಲಿನ್ ಎಂಬ ರಸವು ಆಗಲೂ ಏರಿಯೇ ಇತ್ತು. ತೃಪ್ತಿಯನ್ನು ಸೂಚಿಸುವ ಲೆಪ್ಟಿನ್ ಎಂಬದು ಇಳಿದೇ ಇತ್ತು. 2011ರಲ್ಲಿ ಪ್ರಕಟವಾದ ಈ ಸಂಗತಿಯ ಅರ್ಥವೇನಂದರೆ, ಇಳಿದವನ ಹಸಿವು ನೆರೆಯವನ ಹಸಿವಿನಂಥದಲ್ಲ. ಅವನು ಹರಿಯುವ ನೀರಿಗೆ ಎದುರಾಗಿ ನಿಂತವನು. ದಡದ ಮೇಲೆ ನಿಂತವರು ಅವನು ಎರಡು ಹೆಜ್ಜೆ ಹಿಂದೆ ಸರಿದುದನ್ನು ಕಂಡು ನಗುವದು ನ್ಯಾಯವಲ್ಲ.

ಹಾಗಾದರೆ ದೋಷವು 83ರಲ್ಲಿರಲಿಲ್ಲ. ಅದು ಮೂರನೆಯ ಮುಂಜಾನೆಯಲ್ಲಿತ್ತು. ತೂಕವು ಏರಿದ್ದು ದೇಹದ ಕಾರ್ಯ. ನೋಡದೆ ಬಿಟ್ಟದ್ದು ಮನಸ್ಸಿನ ಕಾರ್ಯ. ಅದರ ಬೆನ್ನಿಗೆ ಮಗಳಿಗೆ ಹೇಳಿದ ಸಣ್ಣ ಸುಳ್ಳು ಬಂದಿತು. ಅಹಿತವಾದ ಅಂಕೆಯನ್ನು ನೋಡದಿದ್ದರೆ ಅದು ಇಲ್ಲವಾಗುವದೆಂಬ ಭ್ರಮೆಯು ಬಹು ಪುರಾತನವಾದದ್ದು. ಸಾಲಗಾರನು ಸಾಹುಕಾರನ ಓಣಿಯನ್ನು ಬಿಟ್ಟು ಸುತ್ತುಹಾದಿಯಲ್ಲಿ ಹೋಗುವದೂ, ಓದದ ವಿದ್ಯಾರ್ಥಿಯು ಗುರುವಿನ ಕಣ್ಣು ತಪ್ಪಿಸುವದೂ ಇದರ ರೂಪಗಳೇ. ತೂಕದ ವಿಷಯದಲ್ಲಿ ಆಚರಿಸಬೇಕಾದ ಮುಖ್ಯ ಧರ್ಮವು ಆಹಾರನಿಯಮವೂ ಅಲ್ಲ, ವ್ಯಾಯಾಮವೂ ಅಲ್ಲ. ಅದು ತನ್ನೊಡನೆ ತಾನು ನಡೆಯಿಸುವ ಸತ್ಯ.

ಪ್ರಯೋಗಗಳೂ ಇದನ್ನೇ ಸಮರ್ಥಿಸುತ್ತವೆ. ಅಮೇರಿಕದಲ್ಲಿ ತಮ್ಮ ತೂಕದ ಹತ್ತನೆಯ ಒಂದು ಪಾಲನ್ನಾದರೂ ಕಳೆದಿದ್ದ 314 ಜನರನ್ನು ಮೂರು ತಂಡಗಳಾಗಿ ಮಾಡಿ ಹದಿನೆಂಟು ತಿಂಗಳು ಕಂಡದ್ದು 2006ರಲ್ಲಿ ಪ್ರಕಟವಾಯಿತು. ಒಂದು ತಂಡಕ್ಕೆ ಎದುರು ಕುಳಿತು ಶಿಕ್ಷಣ ಕೊಟ್ಟರು; ಒಂದಕ್ಕೆ ಅಂತರ್ಜಾಲದ ಮುಖಾಂತರ ಅದೇ ಶಿಕ್ಷಣ; ಮೂರನೆಯದಕ್ಕೆ ಕೇವಲ ವಾರ್ತಾಪತ್ರ. ಶಿಕ್ಷಣದ ಸಾರವು ಸರಳ. ದಾರಿದೀಪದಂತೆ ಮೂರು ಬಣ್ಣಗಳು: ಒಂದೂವರೆ ಕಿಲೋದೊಳಗಿನ ಏರಿಕೆಯು ಹಸಿರು; ಅದಕ್ಕೆ ಮೀರಿದರೆ ಹಳದಿ, ಎಚ್ಚರ; ಎರಡು ಕಿಲೋ ಮುನ್ನೂರು ಗ್ರಾಮಿಗೆ ಮುಟ್ಟಿದರೆ ಕೆಂಪು, ಒಡನೆ ಹಳೆಯ ನಿಯಮಗಳಿಗೆ ಮರಳತಕ್ಕದ್ದು. ಕೊನೆಗೆ ಆ ಕೆಂಪು ಗೆರೆಯನ್ನು ದಾಟಿದವರು ವಾರ್ತಾಪತ್ರದ ತಂಡದಲ್ಲಿ ನೂರಕ್ಕೆ 72, ಅಂತರ್ಜಾಲದಲ್ಲಿ 55, ಎದುರು ಕುಳಿತವರಲ್ಲಿ 46. ಶಿಕ್ಷಣ ಪಡೆದ ತಂಡಗಳಲ್ಲಿ ದಿನಾಲು ತೂಕ ನೋಡಿಕೊಂಡವರು ಮರಳಿ ಏರುವದು ಕಡಿಮೆಯಾಗಿತ್ತು. ನೋಡುವದು ಕಲಿತವನಿಗೆ ಫಲ ಕೊಟ್ಟಿತು. ಯಾಕಂದರೆ ನೋಡಿದ ಮೇಲೆ ಏನು ಮಾಡಬೇಕೆಂಬದು ಅವನಿಗೆ ಗೊತ್ತಿತ್ತು.

2008ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗವು ಇನ್ನೂ ದೊಡ್ಡದು: 1032 ಜನರು, ಮೂವತ್ತು ತಿಂಗಳು. ಸರಾಸರಿ ಎಂಟೂವರೆ ಕಿಲೋ ಕಳೆದವರಲ್ಲಿ, ತಿಂಗಳಿಗೊಮ್ಮೆ ಮನುಷ್ಯನೊಬ್ಬನು ವಿಚಾರಿಸುತ್ತಿದ್ದವರು 4 ಕಿಲೋ ಮರಳಿ ಪಡೆದರು. ಯಂತ್ರದ ಮುಖಾಂತರವೇ ವಿಚಾರಿಸಲ್ಪಟ್ಟವರು 5.2, ತಮ್ಮಷ್ಟಕ್ಕೆ ಬಿಟ್ಟವರು 5.5. ಯಂತ್ರವು ಮೊದಮೊದಲು ನೆರವಾಯಿತು, ಆಮೇಲೆ ಆ ನೆರವು ಕರಗಿತು. ಕಾರಣವನ್ನು ಊಹಿಸುವದು ಕಷ್ಟವಲ್ಲ. ಯಂತ್ರದ ಗಂಟೆಯನ್ನು ಬೆರಳಿನಿಂದ ಅಡಗಿಸಬಹುದು. ಮಗಳ ಪ್ರಶ್ನೆಯನ್ನು ಅಡಗಿಸಬೇಕಾದರೆ ಸುಳ್ಳು ಹೇಳಬೇಕಾಗುತ್ತದೆ, ಆ ಸುಳ್ಳು ಮನಸ್ಸಿಗೆ ಚುಚ್ಚುತ್ತದೆ. ಉಪಕರಣವು ಸಾಕ್ಷಿ ಹೇಳಬಲ್ಲದು, ಉತ್ತರವನ್ನು ಕೇಳಲಾರದು. ಆದಕಾರಣ ಸಾಕ್ಷಿಯ ಮಾತನ್ನು ಆಲಿಸುವ ಒಬ್ಬ ಮನುಷ್ಯನು ಬೇಕು. ಅವನು ಹಂಗಿಸುವವನಾಗಿರಬಾರದು, ಹಂಗಿಸುವವನ ಮುಂದೆ ಯಾರೂ ನಿಜ ಹೇಳುವದಿಲ್ಲ.

ಸಾಕ್ಷಿಯು ಒಡೆಯನಾಗುವ ಅಪಾಯವೂ ಉಂಟು. ದಿನಕ್ಕೆ ಹತ್ತು ಸಾವಿರ ಹೆಜ್ಜೆಗಳೆಂಬ ಅಂಕೆಯನ್ನು ಅನೇಕರು ವೇದವಾಕ್ಯದಂತೆ ಪಾಲಿಸುತ್ತಾರೆ. ಅದು ಪ್ರಸಿದ್ಧಿಗೆ ಬಂದದ್ದು ವೈದ್ಯರ ಪ್ರಯೋಗದಿಂದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಕೆಯ ಸಾಧನದ ಹೆಸರಿನಿಂದ. ಅಂಕೆಗಾಗಿ ರಾತ್ರಿ ಅಂಗಳವನ್ನು ಸುತ್ತುವವನೂ, ನೂರು ಗ್ರಾಮು ಏರಿದರೆ ದಿನವಿಡೀ ಮುಖ ಬಾಡಿಸುವವನೂ ಸಂಯಮಿಗಳಲ್ಲ. ಅವರು ಒಂದು ದಾಸ್ಯವನ್ನು ಬಿಟ್ಟು ಮತ್ತೊಂದನ್ನು ಹಿಡಿದವರು. ನೀರು, ಉಪ್ಪು, ನಿದ್ರೆ ಇವುಗಳಿಂದಲೇ ತೂಕವು ಒಂದು ದಿನದಲ್ಲಿ ಕಿಲೋದಷ್ಟು ಆಚೀಚೆಯಾಗುವದುಂಟು. ಒಂದು ದಿನದ ಅಂಕೆಯು ಸುದ್ದಿ ಮಾತ್ರ. ವಾರಗಳ ಒಲವೇ ಅರ್ಥ.

ಉಪಕರಣಕ್ಕೆ ತಿಳಿಯದ ವಸ್ತುಗಳೂ ಇವೆ. ಕಲಬುರಗಿಯ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಗಳ ಬುತ್ತಿಯನ್ನು ಬಿಚ್ಚಿ, ಹಾದಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸುತ್ತಾರೆ. “ಇನ್ನೊಂದು ಹೋಳಿಗಿ ತಗೋರಿ ಅಣ್ಣಾ, ವರ್ಷಕ್ಕೊಮ್ಮಿ ಬರೋ ಅಮಾಸಿ” ಎಂದು ಹೊಲದ ಒಡತಿಯು ಎಲೆಗೆ ಬಡಿಸಿದಾಗ ಮೊಬೈಲನ್ನು ತೆಗೆದು ಲೆಕ್ಕ ನೋಡುವವನು ಆರೋಗ್ಯವನ್ನು ಗಳಿಸಿ ಆತಿಥ್ಯವನ್ನು ಕಳೆದುಕೊಳ್ಳುತ್ತಾನೆ. ಆ್ಯಪಿನಲ್ಲಿ ಹೋಳಿಗೆಗೆ ಒಂದು ಅಂಕೆಯಿದೆ. ಬಡಿಸಿದ ಕೈಗೆ ಅಂಕೆಯಿಲ್ಲ. ವಿವೇಕಿಯು ಆ ಹೊತ್ತು ಸಂತೋಷದಿಂದ ಉಣ್ಣುತ್ತಾನೆ, ಮರುದಿನ ಮುಂಜಾನೆ ಸಂಕೋಚಪಡದೆ ಕಾಟಾದ ಮೇಲೆ ಏರುತ್ತಾನೆ. ಹಬ್ಬದ ಊಟವು ಕ್ಷೇಮವನ್ನು ಕೆಡಿಸುವದಿಲ್ಲ. ಹಬ್ಬದ ಮರುದಿನ ಕಣ್ಣು ಮುಚ್ಚುವದರಿಂದ ಅದು ಕೆಡುತ್ತದೆ.

ಕಪನೂರದ ಆ ಗೃಹಸ್ಥನ ವೃತ್ತಿಯಲ್ಲಿಯೇ ಅವನಿಗೆ ಬೇಕಾದ ಪಾಠವಿದೆ. ಚೀಲವು ಕಾಟಾದ ಮೇಲೆ ಕಡಿಮೆ ತೂಗಿದರೆ ಅವನು ಕಾಟಾವನ್ನು ಬಯ್ಯುವದಿಲ್ಲ, ಚೀಲವನ್ನು ಹಳಿಯುವದಿಲ್ಲ, ಆ ಸಾಲನ್ನು ಕಿರ್ದಿಯಿಂದ ಬಿಡುವದೂ ಇಲ್ಲ. ಇದ್ದುದನ್ನು ಇದ್ದಂತೆ ಬರೆದು, ಕೊರತೆ ಎಲ್ಲಿಂದ ಬಂದಿತೆಂದು ಹುಡುಕುತ್ತಾನೆ. ಪರರ ತೊಗರಿಗೆ ತೋರುವ ಈ ಪ್ರಾಮಾಣಿಕತೆಯನ್ನು ತನ್ನ ಶರೀರಕ್ಕೂ ತೋರಿದರೆ ಸಾಕು. 83 ಎಂದು ಬರೆದು, ಮಗಳಿಗೆ ತೋರಿಸಿ, ಬಿಸಿಲೇರುವ ಮುಂಚೆ ನಡೆಯತೊಡಗುವದು ಅವನಿಂದ ಆಗದ ಕೆಲಸವಲ್ಲ. ನಾಳೆ ಆ ಅಂಕೆಯು ಇಳಿಯಬಹುದು, ಇಳಿಯದಿರಬಹುದು. ಅದು ಪೂರ್ಣವಾಗಿ ಅವನ ಕೈಯಲ್ಲಿಲ್ಲ. ನೋಡುವದು ಮಾತ್ರ ಅವನ ಕೈಯಲ್ಲಿದೆ. ನೋಡಲೊಲ್ಲದ ದಿನ ನೋಡಿದವನಿಗೆ ಯಾರೂ ಹಾರ ಹಾಕುವದಿಲ್ಲ; ಆದರೆ ಆ ಮುಂಜಾನೆಯ ಮಟ್ಟಿಗೆ ಅವನ ಕ್ಷೇಮವು ಕೆಡಲಿಲ್ಲ.