ಹಗಲು ನಿದ್ರೆ ಯಾರ ತಪ್ಪು?

ನಮ್ಮ ತಂದೆಯವರು ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರು. ಬೆಳಗಿನ ಐದು ಗಂಟೆಯ ಮೇಲೆ ಅವರು ಹಾಸಿಗೆಯಲ್ಲಿದ್ದುದನ್ನು ನಾವು ಮಕ್ಕಳು ಕಂಡೇ ಇರಲಿಲ್ಲ. ಲಕ್ವ ಹೊಡೆದ ಮೇಲೆ ಅವರನ್ನು ದೆಹಲಿಯ ನಮ್ಮ ಕ್ವಾರ್ಟರ್ಸಿಗೆ ಕರೆತಂದೆವು. ಎಡಗೈಗೆ ಕ್ರಮೇಣ ಬಲ ಬಂದಿತು. ಮಾತು ಮೊದಲಿನಿಂದಲೂ ಸರಿಯಿತ್ತು. ಆದರೆ ಹತ್ತು ಗಂಟೆಗೆ ಪತ್ರಿಕೆ ಹಿಡಿದು ಕುಳಿತವರು ಹತ್ತೂಕಾಲಿಗೆಲ್ಲ ಅದರ ಮೇಲೆಯೇ ತೂಕಡಿಸುವರು. ಮಕ್ಕಳು 'ಕುಂಭಕರ್ಣ ತಾತ' ಎಂದು ನಕ್ಕವು. ನಾವು ಗದರಿದ್ದು ಮಕ್ಕಳನ್ನಲ್ಲ, ತಾತನನ್ನು.

"ಅಪ್ಪಾ, ಸ್ವಲ್ಪ ಮನಸ್ಸು ಗಟ್ಟಿ ಮಾಡ್ರಿ."

"ಗಟ್ಟಿ ಮಾಡೂದು ಯಾವುದರಿಂದಪಾ? ಅದ ಮಲಗೇದಲ್ಲ!"

ನಾವು ಬಿ.ಎಸ್‌ಸಿ. ಓದಿದವರು. ಆದರೂ ಆ ಮಾತಿನ ಅರ್ಥ ಹೊಳೆಯಲು ನಮಗೆ ಒಂದು ವರ್ಷ ಬೇಕಾಯಿತು.

ಎಚ್ಚರವೆಂಬುದು ತಾನಾಗಿ ಇರುವ ಸ್ಥಿತಿಯಲ್ಲ. ಅದನ್ನು ಸದಾ ಕಾಯ್ದುಕೊಂಡಿರಬೇಕು. ಮಿದುಳುಕಾಂಡದ ಜಾಲದಂಥ ಭಾಗವೊಂದನ್ನು ಪ್ರಚೋದಿಸಿದರೆ ಮಿದುಳಿನ ಅಲೆಗಳು ಎಚ್ಚರದ ಅಲೆಗಳಾಗುತ್ತವೆ ಎಂಬುದನ್ನು ಮೊರುಜ್ಜಿ ಮತ್ತು ಮಾಗೂನ್ ಎಂಬ ವಿಜ್ಞಾನಿಗಳು 1949ರಲ್ಲಿ ಬೆಕ್ಕುಗಳಲ್ಲಿ ತೋರಿಸಿದರು. ಅಲ್ಲಿಂದ ಮೇಲಕ್ಕೆ ಹೋಗುವ ಸಂದೇಶಗಳಿಗೆ ಥಲಾಮಸ್ ಎಂಬುದು ದೊಡ್ಡ ಜಂಕ್ಷನ್ನು. ಅದರ ಎರಡೂ ಬದಿಗೆ ರಕ್ತ ನಿಂತರೆ, ಪೆಟ್ಟು ಚಿಕ್ಕದಾದರೂ, ಮನುಷ್ಯ ದಿನದ ಬಹುಭಾಗ ನಿದ್ರಿಸಬಹುದು. ಪೆಟ್ಟು ಬೇರೆಡೆ ಬಿದ್ದಾಗಲೂ ಗಾಯದ ಸುತ್ತ, ಕಣ್ಣು ತೆರೆದಿರುವಾಗಲೇ, ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆಯ ನಿಧಾನ ಅಲೆಗಳು ಕಾಣುವುದುಂಟು. ಇವು ಗಾಢನಿದ್ರೆಯ ಅಲೆಗಳನ್ನು ಹೋಲುತ್ತವೆ. ಎಂದರೆ, ಎದ್ದು ಕುಳಿತು ನಮ್ಮೊಡನೆ ಮಾತಾಡುವವರ ಮಿದುಳಿನ ಒಂದು ಮೂಲೆ ಮಲಗಿದಂತೆಯೇ ಇರಬಹುದು. ರಾತ್ರಿಯ ನಿದ್ರೆಯೂ ಕೆಡುತ್ತದೆ: ಸೆಕೆಂಡಿಗೆ 12ರಿಂದ 15ರಷ್ಟು ಏಳುವ, 'ಕದಿರು' ಆಕಾರದ ಅಲೆಗಳು ಪೆಟ್ಟುಬಿದ್ದ ಬದಿಯಲ್ಲಿ ಕ್ಷೀಣಿಸುವುದುಂಟು.

ಹಾಗಾದರೆ ಸೋಮಾರಿತನವೆಂದು ಯಾವುದನ್ನು ಕರೆಯಬೇಕು? ಗೀತೆಯ ಹದಿನಾಲ್ಕನೆಯ ಅಧ್ಯಾಯ ಆಲಸ್ಯ, ನಿದ್ರೆಗಳನ್ನು ತಮೋಗುಣದ ಲೆಕ್ಕಕ್ಕೆ ಬರೆಯುತ್ತದೆ. ನಮ್ಮ ಕಚೇರಿಯೂ ಹಾಗೆಯೇ. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಬಂದ ಸಹೋದ್ಯೋಗಿಯೊಬ್ಬರಿಗೆ, ಫೈಲಿನ ಮೇಲೆ ನಿದ್ರಿಸಿದ್ದಕ್ಕಾಗಿ, 1964ರ ನಡತೆ ನಿಯಮಗಳ ಕರ್ತವ್ಯನಿಷ್ಠೆಯ ಮಾತೆತ್ತಿ ಮೆಮೋ ಕೊಡಲಾಯಿತು. ಅದರ ಕರಡು ಬರೆದವರು ನಾವೇ. ಭಾಷೆ ಚೆನ್ನಾಗಿದೆಯೆಂದು ಸಾಹೇಬರು ಮೆಚ್ಚಿದರು. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದವರನ್ನು ಕೆಲಸದಿಂದ ತೆಗೆಯಬಾರದು, ಹುದ್ದೆ ಇಳಿಸಬಾರದು ಎಂದು 2016ರ ಕಾಯಿದೆ ಹೇಳುತ್ತದೆ. ಅದೂ ನಮಗೆ ತಿಳಿದಿತ್ತು. ಆದರೆ ಕುಂಟುವ ಕಾಲು ಕಣ್ಣಿಗೆ ಕಾಣುತ್ತದೆ. ಮಲಗಿದ ಮಿದುಳು ಕಾಣುವುದಿಲ್ಲ.

ಇಷ್ಟಾದ ಮೇಲೆ ನಾವು ಇನ್ನೊಂದು ತುದಿಗೆ ಹೋದೆವು. 'ಪಾಪ, ಅವರ ಕೈಲೇನಿದೆ, ವಯಸ್ಸಾಯಿತು' ಎಂದು ತಂದೆಯವರನ್ನು ಅವರ ಪಾಡಿಗೆ ಬಿಟ್ಟೆವು. ಇದನ್ನು ದಯೆಯೆಂದೇ ಭಾವಿಸಿದ್ದೆವು. ಅವರ ಗೊರಕೆ ನಡುವೆ ನಿಂತುಹೋಗಿ, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುವುದನ್ನು ಗಮನಿಸಿದವಳು ನಮ್ಮ ಮನೆಯಾಕೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ತಂತಿಗಳನ್ನು ಅಂಟಿಸಿ ಪರೀಕ್ಷಿಸಿದರು. ನಿದ್ರೆಯಲ್ಲಿ ಉಸಿರು ಪದೇಪದೇ ನಿಲ್ಲುವ ತೊಂದರೆ. ಪಾರ್ಶ್ವವಾಯು ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದು ಇರುತ್ತದಂತೆ. ಉಸಿರು ನಿಂತಾಗಲೆಲ್ಲ ಮಿದುಳು ಅರೆಕ್ಷಣ ಎಚ್ಚರಗೊಳ್ಳುತ್ತದೆ; ಮಲಗಿದವರಿಗೆ ಅದರ ಅರಿವಿರುವುದಿಲ್ಲ. ಮೂಗಿಗೆ ಗಾಳಿ ಒತ್ತುವ ಯಂತ್ರ ಬಂದಿತು. ಮೊದಮೊದಲು ಅದನ್ನು ಕಿತ್ತೆಸೆಯುತ್ತಿದ್ದರು. ಈಗ ತಾವೇ ಕಟ್ಟಿಕೊಳ್ಳುತ್ತಾರೆ.

ಗದರಿಕೆ, ಕನಿಕರ ಎರಡೂ ಒಂದೇ ಕೆಲಸ ಮಾಡಿದ್ದವು: ಏಕೆ ಎಂದು ಕೇಳುವುದನ್ನು ತಪ್ಪಿಸಿದ್ದವು. ಗದರಿಕೆಯ ಬಗ್ಗೆ ನಮಗೆ ನಾಚಿಕೆಯಾದರೂ ಆಗಿತ್ತು. ಕನಿಕರದ ಬಗ್ಗೆ ಅದೂ ಇರಲಿಲ್ಲ.

ತಂದೆಯವರು ಪೂರ್ತಿ ಮೊದಲಿನಂತಾಗಿಲ್ಲ. ಪತ್ರಿಕೆಯ ಎರಡು ಪುಟ ಮುಗಿಸುತ್ತಾರೆ, ಮೂರನೆಯದರಲ್ಲಿ ತಲೆ ಬಾಗುತ್ತದೆ. ಮೂರು ಗಂಟೆಗೆ ಚಹಕ್ಕೆ ಎಬ್ಬಿಸಬೇಕೆಂದು ಅವರೇ ಹೇಳಿದ್ದಾರೆ. ಒಮ್ಮೊಮ್ಮೆ ರಜಾದಿನ ನಾವೇ ಕಪ್ಪು ಹಿಡಿದು ಹೋಗುತ್ತೇವೆ. ಮಲಗಿದ ಮುಖ ನೋಡಿ, ಎಬ್ಬಿಸಲೋ ಬೇಡವೋ ಎಂದು ಚಹ ಆರುವವರೆಗೆ ನಿಂತಿರುತ್ತೇವೆ.