ಅಡೆಗಲ್ಲಿಗೆ ಸಲ್ಲಬೇಕಾದ ಪೂಜೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಆಯುಧಪೂಜೆಯ ದಿನ ಕುಲುಮೆಯ ಅಡೆಗಲ್ಲಿಗೂ ಅರಿಸಿನ, ಕುಂಕುಮ, ಹೂವು ಏರುತ್ತವೆ. ವಿಶ್ವಕರ್ಮ ಪರಂಪರೆ ಕಬ್ಬಿಣದ ಕಸುಬನ್ನು ಮನುಬ್ರಹ್ಮನ ಪಾಲೆಂದು ಎಣಿಸುತ್ತದೆ. ಪೂಜೆ ಆ ಒಂದು ದಿನಕ್ಕೇ ಮುಗಿಯಿತೇ? ಅಡೆಗಲ್ಲಿನ ಮುಖ ಕಾಪಾಡುವುದೇ ಅದರ ನಿತ್ಯಪೂಜೆ ಎಂಬುದು ನನ್ನ ನಂಬಿಕೆ. ಕಬ್ಬಿಣದ ನಡತೆಯೇ ಇದಕ್ಕೆ ಸಾಕ್ಷಿ. ಎತ್ತಿನಗಾಡಿಯ ಚಕ್ರಕ್ಕೆ ಹಳಿ ತೊಡಿಸುವಾಗ ಹಳಿಯನ್ನು ಬೆಂಕಿಯಲ್ಲಿ ಚೆನ್ನಾಗಿ ಕಾಯಿಸುತ್ತಾರೆ. ಹಿಗ್ಗಿದ ಹಳಿ ಮರದ ಮೇಲೆ ಕೂರುತ್ತದೆ, ನೀರು ಬಿದ್ದೊಡನೆ ಚುಂಯ್ ಎಂದು ಕುಗ್ಗಿ ಬಿಗಿಯಾಗಿ ಹಿಡಿಯುತ್ತದೆ. ಕಾದ ಕಬ್ಬಿಣ ಹಿಗ್ಗುವುದಷ್ಟೇ ಅಲ್ಲ, ಮೆದುವಾಗಿ ಪೆಟ್ಟನ್ನೂ ತಾನೇ ನುಂಗಿಕೊಳ್ಳುತ್ತದೆ. ತಣ್ಣನೆಯದು ಹಾಗಲ್ಲ: ಬಡಿದಷ್ಟೂ ಗಡುಸಾಗುತ್ತದೆ, ಪೆಟ್ಟು ಅಡೆಗಲ್ಲಿಗೆ ದಾಟುತ್ತದೆ, ಸುತ್ತಿಗೆ ಜಾರಿದರೆ ಅದರ ಅಂಚಿನಿಂದ ಚಕ್ಕೆ ಏಳುತ್ತದೆ. ಮರದ ಪೀಪಾಯಿಯ ಬಳೆಯಂಥದ್ದನ್ನು ತಣ್ಣಗೇ ಬಡಿಯಬೇಕಾದಾಗ ಕೆಳಗೆ ಮೆದು ಕಬ್ಬಿಣದ ದಪ್ಪ ತಗಡು ಹಾಸಿದರೆ ಗಾಯವೆಲ್ಲ ತಗಡಿಗೆ.

ಪೆಟ್ಟು ತಿನ್ನಲೆಂದೇ ಹುಟ್ಟಿದ ವಸ್ತುವಿಗೆ ಕನಿಕರವೇಕೆ, ಇದು ಜಡದ ಮೇಲಿನ ಮೋಹವಲ್ಲವೇ ಎಂದು ವಿರಾಗಿಗಳು ಕೇಳಬಹುದು. ಮೋಹ ವಸ್ತುವನ್ನು ಎತ್ತಿಡುತ್ತದೆ. ಕಾಳಜಿ ಅದನ್ನು ದುಡಿಸುತ್ತದೆ, ಸಲ್ಲದ ಪೆಟ್ಟನ್ನಷ್ಟೇ ತಪ್ಪಿಸುತ್ತದೆ. ಇದು ಬರೀ ಲಾಭದ ಲೆಕ್ಕ, ಭಕ್ತಿಯಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಲಾಭವಿದೆ, ನಿಜ. ಆದರೆ ಒಳ್ಳೆಯ ಅಡೆಗಲ್ಲು ಅದನ್ನು ತಂದವನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಇವತ್ತು ತಗಡು ಹಾಸುವ ಕಮ್ಮಾರ ತಾನು ನೋಡದ ಮೊಮ್ಮಗನ ಕೆಲಸವನ್ನೂ ಕಾಯುತ್ತಿರುತ್ತಾನೆ; ಹಾಸದೆ ಬಿಟ್ಟರೆ, ಇಂದು ಬಿದ್ದ ಗುಳಿ ಆ ಹುಡುಗ ಅದೇ ಜಾಗದಲ್ಲಿಟ್ಟು ತಟ್ಟುವ ಒಂದೊಂದು ಮಚ್ಚಿನ ಮೈಮೇಲೂ ಅಚ್ಚೊತ್ತುತ್ತದೆ.