‘ಇದೇನು?’ ಎಂಬ ಅನ್ನ

ಮೀನಿನ ಗಸಿಗೆ ಮಸಾಲೆ ಹುರಿಯಲೆಂದು ಕೊತ್ತಂಬರಿಯ ಡಬ್ಬಿ ತೆರೆದಾಗ ಎಷ್ಟೋ ಸಲ ನನ್ನ ಕೈ ಅಲ್ಲೇ ನಿಂತುಬಿಡುತ್ತದೆ. ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಾಯೇಲರಿಗೆ ಮರಳುಗಾಡಿನಲ್ಲಿ ಸಿಕ್ಕಿದ ಮನ್ನ ಕೊತ್ತಂಬರಿ ಕಾಳಿನ ಹಾಗಿತ್ತು, ಬೆಳ್ಳಗಿತ್ತು, ರುಚಿಯಲ್ಲಿ ಜೇನಿನ ಸವಿಯಿತ್ತು ಎಂದು ಬೈಬಲಿನ ವಿಮೋಚನಕಾಂಡ ಹೇಳುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ ನೆಲದಲ್ಲಿ ಉಳಿದದ್ದನ್ನು ಕಂಡು ಅವರು ಒಬ್ಬರನ್ನೊಬ್ಬರು ಕೇಳಿಕೊಂಡ ಮಾತು, ‘ಇದೇನು?’ ಬೆರಗಿನ ಆ ಪ್ರಶ್ನೆಯೇ ಆ ಅನ್ನದ ಹೆಸರಾಯಿತು.

ಅದು ಸಿಕ್ಕಿದ್ದು ಯಾರಿಗೆ ಎಂದು ನೆನೆದರೆ ಬೆರಗು ಇನ್ನೂ ಹೆಚ್ಚುತ್ತದೆ. ಈಜಿಪ್ಟಿನ ಮಾಂಸದ ಪಾತ್ರೆಗಳನ್ನು ನೆನೆದು ಗೊಣಗಿದವರಿಗೆ! ದುಡಿದವರಿಗೆ ಸಿಗುವುದು ಕೂಲಿ. ಗೊಣಗಿದವರಿಗೂ ಸಿಗುವುದು ಕರುಣೆ. ಅದೇ ಜನ ಕೆಲವು ಕಾಲದ ಮೇಲೆ ದಿನಾ ಅದೇ ಮನ್ನವೇ ಎಂದು ಮುಖ ತಿರುಗಿಸಿದರು. ಹೆಸರು ನಾಲಿಗೆಯ ಮೇಲೆ ಉಳಿಯಿತು, ಅದರೊಳಗಿನ ಪ್ರಶ್ನೆ ಬತ್ತಿತು. ನನ್ನ ಮರೆವೂ ಇಂಥದ್ದೇ. ದೇವರ ಕರುಣೆಯನ್ನು ನಾನು ಮರೆಯುವುದು ಅದು ಬಾರದ ದಿನವಲ್ಲ. ತಪ್ಪದೆ ಬರುವ ದಿನಗಳಲ್ಲಿ.

ಇದನ್ನು ಬಲ್ಲವರಂತೆ ನಮ್ಮ ಕರಾವಳಿಯ ಹಿರಿಯರು ನೆನಪನ್ನು ಮನಸ್ಸಿಗೆ ಮಾತ್ರ ಒಪ್ಪಿಸದೆ ಬಾಯಿಗೆ, ಕೈಗೆ, ಹೊಟ್ಟೆಗೆ ಹಂಚಿಟ್ಟರು. ಒಂದು ಲೋಟ ನೀರು ಕೊಟ್ಟವರಿಗೂ ಕೊಂಕಣಿಯಲ್ಲಿ ಹೇಳುವುದು ‘ದೇವ್ ಬರೆಂ ಕರುಂ’, ದೇವರು ನಿಮಗೆ ಒಳಿತು ಮಾಡಲಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಂದು, ಅಂದರೆ ಮಾತೆ ಮರಿಯಳ ಜನ್ಮದಿನದ ತೆನೆಹಬ್ಬದಂದು, ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಸವಿಯುತ್ತಾರೆ. ದೂರದ ಊರಿನಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವವರೂ ಇದ್ದಾರೆ. ಯಾರ ಹೊಟ್ಟೆಯೂ ತುಂಬದಷ್ಟು ಅಕ್ಕಿ ಅದು. ಆದರೆ ವರ್ಷವಿಡೀ ಉಣ್ಣುವ ಅನ್ನ ಎಲ್ಲಿಂದ ಬಂತೆಂದು ನೆನೆಯಲು ಅಷ್ಟು ಸಾಕು.

ನಾನೂ ಮರೆಯದಿರಲೆಂದು ರಾತ್ರಿ ದೀಪ ಆರಿಸುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತು ದಿನವನ್ನು ಹಿಂದಿರುಗಿ ನೋಡುತ್ತೇನೆ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಶೋಧನೆಯ ಕ್ರಮವಿದು. ಅವರ ಕ್ರಮದಲ್ಲಿ ಮೊದಲ ಹೆಜ್ಜೆ ಕೃತಜ್ಞತೆ. ತಪ್ಪುಗಳ ಲೆಕ್ಕ ಆಮೇಲೆ. ಪಡೆದದ್ದನ್ನು ಕಂಡ ಕಣ್ಣಿಗೆ ತಾನು ಎಡವಿದ್ದೂ ಸ್ಪಷ್ಟವಾಗಿ ಕಾಣುತ್ತದೆ, ಭಯವಿಲ್ಲದೆ ಕಾಣುತ್ತದೆ.

ಮನ್ನದ ಕಥೆಯಲ್ಲಿ ಇನ್ನೊಂದು ವಿಸ್ಮಯವಿದೆ. ನಾಳೆಗಿರಲಿ ಎಂದು ಬಚ್ಚಿಟ್ಟವರ ಮನ್ನ ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರಿತು. ಆದರೆ ಒಬ್ಬರ ಒಂದು ದಿನದ ಪಾಲಾದ ಒಂದು ಓಮೆರ್ ಅನ್ನು ಜಾಡಿಯಲ್ಲಿ ತುಂಬಿ, ಮುಂದಿನ ಪೀಳಿಗೆಗಳು ನೋಡಲೆಂದು ದೇವರ ಸನ್ನಿಧಿಯಲ್ಲಿ ಇರಿಸಿದರು, ಅದು ಕೆಡಲಿಲ್ಲ. ತನಗೆಂದು ಬಚ್ಚಿಟ್ಟದ್ದು ಕೊಳೆಯಿತು, ಇನ್ನೊಬ್ಬರು ಕಾಣಲೆಂದು ಇಟ್ಟದ್ದು ಉಳಿಯಿತು. ಕರುಣೆಯೂ ಹಾಗೆಯೇ ಇರಬೇಕು.

ಒಂದು ಸಂಜೆ ನನಗಿದು ಅರ್ಥವಾಯಿತು. ಅಂದು ಬೆಳಿಗ್ಗೆ ಚೆಲ್ಲಿದ ಹಾಲಿಗಾಗಿ ಮಗಳ ಮೇಲೆ ಹರಿಹಾಯ್ದಿದ್ದೆ. ಸಂಜೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ ಮಕ್ಕಳು ಹಿರಿಯರ ಬಳಿ ಬಂದು ಕೈಮುಗಿದು ‘ಬೆಸಾಂವ್’ ಕೇಳುವುದು, ಆಶೀರ್ವಾದ ಬೇಡುವುದು, ನಮ್ಮ ಮನೆಯ ರೂಢಿ. ಅವಳೂ ಬಂದು ನಿಂತಳು. ನನ್ನ ಕೈ ಮೇಲೇಳಲಿಲ್ಲ. ಆಗಷ್ಟೇ ನನ್ನ ತಪ್ಪಿಗೆ ಕ್ಷಮೆ ಬೇಡಿ ಎದ್ದವಳು, ಆ ಕ್ಷಮೆಯನ್ನು ನನ್ನಲ್ಲೇ ಇಟ್ಟುಕೊಂಡು ಇವಳನ್ನು ಹೇಗೆ ಹರಸಲಿ? ಮಂಡಿಯೂರಿ, ‘ಬೆಳಿಗ್ಗೆ ಹಾಗೆ ಬೈಯಬಾರದಿತ್ತು, ನನ್ನನ್ನು ಕ್ಷಮಿಸು ಮಗಾ’ ಎಂದೆ.

ಮುಗಿದ ಕೈಗಳನ್ನು ಇಳಿಸುವುದನ್ನೇ ಮರೆತು ಅವಳು ನನ್ನನ್ನು ನೋಡಿದಳು. ಬಾಯಲ್ಲಿ ಮಾತಿರಲಿಲ್ಲ. ಅರಳಿದ ಆ ಎರಡು ಕಣ್ಣುಗಳು ಮಾತ್ರ ಕೇಳುತ್ತಿದ್ದವು: ಇದೇನು?